ಭಾನುವಾರದ ಸಭೆ: ಬ್ಯಾಂಕ್ ಸಾಲದ ಠರಾವಿಗೆ ಎಲ್ಲರ ಸಹಿ ಬೇಕು

ಅಕ್ಕಂದಿರೇ, ತಂಗಿಯರೇ, ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 11 ಗಂಟೆಗೆ ಅಂಗನವಾಡಿಯಲ್ಲಿ ನಮ್ಮ ಮಹಿಳಾ ಸ್ವಸಹಾಯ ಸಂಘದ ಸಭೆ ಇದೆ. ಬ್ಯಾಂಕ್ ಸಾಲಕ್ಕೆ ಠರಾವು ಬರೆಯಬೇಕು. ಸಾಲ ಸಂಘದ ಹೆಸರಿಗೇ ಬರುತ್ತೆ ಅಲ್ವಾ, ಹಾಗಾಗಿ ಸಾಲ ಬೇಡ ಅನ್ನುವವರೂ ಬಂದು ಸಹಿ ಹಾಕಿ.

ಆಧಾರ್ ಜೆರಾಕ್ಸ್, ಪಾಸ್‌ಬುಕ್, ಒಂದು ಫೋಟೋ ತನ್ನಿ. ಉಳಿತಾಯ ಬಾಕಿ ಇದ್ದರೆ ಅಂದೇ ಕಟ್ಟಿಬಿಡಿ. ಬ್ಯಾಂಕಿನವರು ಪಂಚಸೂತ್ರ ನೋಡುತ್ತಾರೆ: ತಪ್ಪದ ಸಭೆ, ತಪ್ಪದ ಉಳಿತಾಯ, ಒಳಸಾಲ (ಉಳಿತಾಯದಿಂದ ಸದಸ್ಯರಿಗೇ ಕೊಡುವ ಸಾಲ), ಸಮಯಕ್ಕೆ ಮರುಪಾವತಿ, ಸರಿಯಾದ ಲೆಕ್ಕಪುಸ್ತಕ. ಸರ್ಕಾರದ ಸಂಜೀವಿನಿ ಯೋಜನೆಯಡಿ ಇರುವ ನಮ್ಮಂಥ ಸಂಘಗಳಿಗೆ 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಅಡಮಾನ ಕೇಳುವಂತಿಲ್ಲ. ಸಂಘದ ಉಳಿತಾಯವನ್ನು ತಡೆಹಿಡಿಯುವಂತೆಯೂ ಇಲ್ಲ. ಯಾರಾದರೂ ಬೇರೆ ಹೇಳಿದರೆ ಹೆದರಬೇಡಿ, ಗುಂಪಿನಲ್ಲಿ ತಿಳಿಸಿ.

ನನಗೆ ಜಾಸ್ತಿ ಚಿಂತೆ ಇರುವುದು ಮೈಕ್ರೋಫೈನಾನ್ಸ್ ಸಾಲದ್ದು. ಒಂದರ ಕಂತು ಕಟ್ಟಲು ಇನ್ನೊಂದು ಸಾಲ ಮಾಡಬೇಡಿ. ರಿಸರ್ವ್ ಬ್ಯಾಂಕ್ ನಿಯಮದಂತೆ ಮನೆಯ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ಆದಾಯದ ಅರ್ಧ ದಾಟುವಂತಿಲ್ಲ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಬರುವಂತಿಲ್ಲ. ಬಲವಂತದ ವಸೂಲಿ ತಡೆಯಲು ನಮ್ಮ ರಾಜ್ಯದಲ್ಲಿ 2025ರಲ್ಲಿ ಕಾನೂನೇ ಬಂದಿದೆ. ಕಿರುಕುಳ ಇದ್ದರೆ ಸುಮ್ನೆ ಸಹಿಸಬೇಡಿ. ಗುಂಪಿನಲ್ಲಿ ಹೇಳಲು ಸಂಕೋಚವಾದರೆ ನನಗೊಬ್ಬಳಿಗೇ ಫೋನ್ ಮಾಡಿ, ಜೊತೆಗೆ ಠಾಣೆಗೆ ಬರುತ್ತೇನೆ.

ಶುಕ್ರವಾರ ಸಂಜೆಯೊಳಗೆ ಇಲ್ಲೇ ಉತ್ತರಿಸಿ: ಬರುತ್ತೀರಾ, ಎಷ್ಟು ಸಾಲ ಬೇಕು, ಯಾವುದಕ್ಕೆ? ಟೈಪ್ ಮಾಡಲು ಕಷ್ಟವಾದರೆ ವಾಯ್ಸ್ ಮೆಸೇಜ್ ಸಾಕು. ಫೋನ್ ಇಲ್ಲದವರಿಗೆ ಅಕ್ಕಪಕ್ಕದವರು ದಯವಿಟ್ಟು ತಿಳಿಸಿ.