ಉಣಕಲ್‌ನಿಂದ ಬೆಣ್ಣಿಹಳ್ಳದವರೆಗೆ ಎಲ್ಲರನ್ನೂ ಕೂಡಿಸಿಕೊಳ್ಳಲು ಮನವಿ

ಇವರಿಗೆ,
ಮಾನ್ಯ ಮಹಾಪೌರರು ಮತ್ತು ಆಯುಕ್ತರು,
ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ

ವಿಷಯ: ಹವಾಮಾನ ಬದಲಾವಣೆ ಎದುರಿಸಲು ಪಾಲಿಕೆಯ ಮುಂದಾಳತ್ವದಲ್ಲಿ ಜಂಟಿ ಸಮಿತಿ ರಚಿಸುವ ಕುರಿತು.

ಮಾನ್ಯರೇ,

ನಾವು ಉಣಕಲ್ ನಾಲಾದ ಅಕ್ಕಪಕ್ಕದ ಓಣಿಗಳ ನಿವಾಸಿಗಳು. 2017ರಲ್ಲಿ ನಮ್ಮೂರಿಗೆ ಕುಡಿಯುವ ನೀರು ಕೊಡುವ ನೀರಸಾಗರ ಜಲಾಶಯ ಬತ್ತಿದಾಗ ಕೊಡ ಹಿಡಿದು ಟ್ಯಾಂಕರ್ ಕಾದೆವು. 2019ರ ಆಗಸ್ಟ್‌ನಲ್ಲಿ ಉಣಕಲ್ ಕೆರೆ ಕೋಡಿ ಬಿದ್ದು ಮನೆಗಳಿಗೆ ನೀರು ನುಗ್ಗಿತು. ಜೋಳದ ಚೀಲ, ಹಾಸಿಗೆ, ಮಕ್ಕಳ ಪುಸ್ತಕ ಎಲ್ಲ ತೊಯ್ದವು. ಅದೇ ಮಳೆಗೆ ನವಲಗುಂದದ ಕಡೆ ಬೆಣ್ಣಿಹಳ್ಳ ಉಕ್ಕಿ ಹೊಲಗಳು ಮುಳುಗಿದವು. ಬರವೂ ನೆರೆಯೂ ನಮಗೂ ಹಳ್ಳಿಯವರಿಗೂ ಒಟ್ಟಿಗೇ ಬರುತ್ತಿವೆ.

ನಾಲಾದ ವಿಷಯವನ್ನೇ ನೋಡಿ. ಊರಿನ ಕೊಳಚೆ ಇದರಲ್ಲೇ ಬಿಡನಾಳ, ಗಬ್ಬೂರಿನ ಕಡೆ ಹರಿದು ಮುಂದೆ ಬೆಣ್ಣಿಹಳ್ಳ ಸೇರುತ್ತದೆ. ಮಳೆ ಕೈಕೊಟ್ಟಾಗ ಅಲ್ಲಿಯ ರೈತರು ಅದಕ್ಕೇ ಪಂಪ್ ಇಟ್ಟು ಕಾಯಿಪಲ್ಲೆ ಬೆಳೆಯುತ್ತಾರೆ. ಆ ಕಾಯಿಪಲ್ಲೆ ನಮ್ಮ ಸಂತೆಗೇ ಬರುತ್ತದೆ ಅಲ್ವಾ? ಇದನ್ನೆಲ್ಲ ಪಾಲಿಕೆಯೊಂದೇ ಸರಿಪಡಿಸಲಿ ಅನ್ನುವುದು ನ್ಯಾಯವಲ್ಲ. ಆದರೆ ಪಾಲಿಕೆ ಮುಂದಾಗದಿದ್ದರೆ ಕೆಲಸ ಶುರುವೇ ಆಗುವುದಿಲ್ಲ.

ನಮಗಿರುವ ಅನುಕೂಲ ಜಾಸ್ತಿ ಊರುಗಳಿಗೆ ಇಲ್ಲ. ವಾಯವ್ಯ ಸಾರಿಗೆ, ಕರೆಂಟು ಕೊಡುವ ಹೆಸ್ಕಾಂ, ನೈಋತ್ಯ ರೈಲ್ವೆ ಮೂರರ ಕೇಂದ್ರ ಕಚೇರಿಯೂ ಹುಬ್ಬಳ್ಳಿಯಲ್ಲಿದೆ. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯ, ನೆಲ-ಜಲ ನಿರ್ವಹಣೆಯ ಸಂಸ್ಥೆಯಾದ ವಾಲ್ಮಿ, ಐಐಟಿ ಇವೆ. ಬಸ್ಸು, ಕರೆಂಟು, ಬೆಳೆ, ನೀರು ಬಲ್ಲವರೆಲ್ಲ ಇಷ್ಟು ಹತ್ತಿರ ಇದ್ದಾರೆ. ಇವರನ್ನು ಒಂದು ಸಮಿತಿಯಲ್ಲಿ ಕೂಡಿಸಿ. ನವಲಗುಂದ, ಕುಂದಗೋಳ, ಕಲಘಟಗಿಯ ರೈತರನ್ನೂ ಕರೆಯಿರಿ. ಬೆಣ್ಣಿಹಳ್ಳ ಹುಟ್ಟುವುದು ಶಿಗ್ಗಾಂವಿ ಕಡೆ, ಹಾಗಾಗಿ ಹಾವೇರಿ ಜಿಲ್ಲಾಡಳಿತವೂ ಇರಬೇಕು.

ಮೊದಲ ಕೆಲಸವಾಗಿ ಉಣಕಲ್ ಕೆರೆಯಿಂದ ಬೆಣ್ಣಿಹಳ್ಳದವರೆಗೆ ಒಂದೇ ಯೋಜನೆ ಮಾಡಿ. ಕೆರೆಯ ಹೂಳು, ನಾಲಾ ಒತ್ತುವರಿ, ಕೊಳಚೆ ನೀರನ್ನು ಶುದ್ಧ ಮಾಡಿ ಹೊಲಕ್ಕೆ ಕೊಡುವುದು, ಮೂರೂ ಅದರಲ್ಲೇ ಬರಲಿ. ಒಂದನ್ನು ಬಿಟ್ಟು ಇನ್ನೊಂದು ಮಾಡಿದರೆ ದುಡ್ಡು ನೀರಲ್ಲಿ ಹಾಕಿದಂತೆ. ಕೆರೆ ಕೋಡಿ ಬೀಳುವ ಮುನ್ನವೇ ಕೆಳಗಿನ ಓಣಿಗಳಿಗೂ ಹಳ್ಳಿಗಳಿಗೂ ಸುದ್ದಿ ಮುಟ್ಟುವ ವ್ಯವಸ್ಥೆ ತುರ್ತಾಗಿ ಬೇಕು.

ಕೇಂದ್ರದ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ನಮ್ಮ ಅವಳಿನಗರವೂ ಇದೆ. ರಸ್ತೆ ಅಗಲ ಮಾಡಲು ಮರ ಕಡಿದ ಕಡೆಗಳಲ್ಲಿ, ಮುಖ್ಯವಾಗಿ ಬಸ್ ನಿಲ್ದಾಣಗಳ ಸುತ್ತ, ಬೇವು, ಹೊಂಗೆ ನೆಟ್ಟು ಮೂರು ಬೇಸಿಗೆ ನೀರು ಹಾಕುವ ಹೊಣೆಯನ್ನು ಯಾರಿಗಾದರೂ ವಹಿಸಿ. ಸುಮ್ನೆ ಸಸಿ ನೆಟ್ಟು ಹೋಗುವುದು ಬೇಡ.

ಸಮಿತಿಯ ತೀರ್ಮಾನಗಳನ್ನು ವಾರ್ಡ್ ಕಚೇರಿಯ ಫಲಕಕ್ಕೆ ಹಚ್ಚಿ. ಮುಂಗಾರಿಗೆ ಮೊದಲೇ ಒಂದು ಸಭೆ ಕರೆಯಿರಿ. ನಾಲಾ ಎಲ್ಲೆಲ್ಲಿ ಕಟ್ಟಿಕೊಳ್ಳುತ್ತದೆ ಎಂದು ಅಧಿಕಾರಿಗಳ ಜೊತೆ ನಡೆದು ತೋರಿಸಲು ನಾವು ತಯಾರಿದ್ದೇವೆ.

ತಮ್ಮ ವಿಶ್ವಾಸಿಗಳು,
ಉಣಕಲ್ ನಾಲಾ ಭಾಗದ ನಿವಾಸಿಗಳು, ಹುಬ್ಬಳ್ಳಿ