ಕನ್ನಡ ಸಂಘದ ಹೊಸ ಕಾರ್ಯದರ್ಶಿಗೆ

ಚಿ. ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು. ಇಲ್ಲಿ ತುಮಕೂರಿನಲ್ಲಿ ನಾವೆಲ್ಲ ಕ್ಷೇಮ.

ನಿಮ್ಮ ಇಂಜಿನಿಯರಿಂಗ್ ಕಾಲೇಜಿನ ಕನ್ನಡ ಸಂಘಕ್ಕೆ ನೀನು ಕಾರ್ಯದರ್ಶಿ ಆಗಿದ್ದೀಯ ಅಂತ ನಿಮ್ಮಮ್ಮ ಹೇಳಿದಳು. ಖುಷಿಯಾಯಿತು. ನೀನು ವಾಟ್ಸ್ಯಾಪಿನಲ್ಲಿ ಕಳಿಸಿದ ರಾಜ್ಯೋತ್ಸವದ ಬಜೆಟ್ಟನ್ನೂ ನೋಡಿದೆ. ಸ್ಟೇಜು, ಲೈಟು, ಡಿಜೆ, ಡೊಳ್ಳು ತಂಡ, ಮುಖ್ಯ ಅತಿಥಿಗೆ ಒಬ್ಬ ಸಿನಿಮಾ ನಟ, ಅವರಿಗೆ ಮೈಸೂರು ಪೇಟ, ಶಾಲು, ಹಾರ. ಒಟ್ಟು ಒಂದೂಮುಕ್ಕಾಲು ಲಕ್ಷ. ವರ್ಷದ ಉಳಿದ ದಿನಗಳಿಗೆ ಒಂದು ಸಾಲೂ ಇರಲಿಲ್ಲ. ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ "ಹೂಂ ದೊಡ್ಡಮ್ಮ" ಅಂತ ಇಟ್ಟುಬಿಡುತ್ತೀಯ.

ರಾಜ್ಯೋತ್ಸವ ಬೇಡ ಅನ್ನುತ್ತಿಲ್ಲ. 1956ರ ನವೆಂಬರ್ 1ರಂದು ಹರಿದು ಹಂಚಿದ್ದ ಕನ್ನಡ ನಾಡು ಒಂದಾಯಿತು, 1973ರಲ್ಲಿ ಅದೇ ದಿನ ಕರ್ನಾಟಕ ಅಂತ ಹೆಸರಾಯಿತು. ಕುಣಿಯಬೇಕಾದ ದಿನವೇ, ಕುಣಿಯಿರಿ. ಆದರೆ ಇರೋ ದುಡ್ಡನ್ನೆಲ್ಲ ಒಂದೇ ಸಂಜೆಗೆ ಸುರಿದರೆ ಡಿಸೆಂಬರ್ ಹೊತ್ತಿಗೆ ಬ್ಯಾನರ್ ಸುತ್ತಿಟ್ಟ ಜಾಗದಲ್ಲೇ ಸಂಘವೂ ಮಲಗಿರುತ್ತದೆ. ನಮ್ಮ ಕಾಲೇಜಿನ ಕನ್ನಡ ಸಂಘದ ಸಂಚಾಲಕಿಯಾಗಿ ನಾನು ಇದನ್ನು ಜಾಸ್ತಿಯೇ ನೋಡಿದ್ದೇನೆ.

ಆ ಬಜೆಟ್ಟನ್ನು ಅರ್ಧ ಮಾಡು. ಉಳಿದ ಅರ್ಧವನ್ನು ವಾರದ ಕೂಟಕ್ಕೆ ಇಡು. ಲ್ಯಾಬ್ ಇಲ್ಲದ ಒಂದು ಸಂಜೆ, ಒಂದು ಖಾಲಿ ಕ್ಲಾಸ್‌ರೂಮು ಸಾಕು. ಮೈಕ್ ಬೇಡ, ಸ್ವಾಗತ ಭಾಷಣ ಬೇಡ, ವಂದನಾರ್ಪಣೆಯಂತೂ ಬೇಡವೇ ಬೇಡ. ಒಬ್ಬರು ತಾವು ಬರೆದದ್ದನ್ನು ಓದಲಿ, ಮಿಕ್ಕವರು ಕೇಳಿ ಅನ್ನಿಸಿದ್ದನ್ನು ಹೇಳಲಿ. ಏಳೆಂಟು ಜನ ಬಂದರೂ ನಡೆಸು. ಯಾರೂ ಬರೆಯದ ವಾರ ಒಂದು ಕಥೆ ತಂದು ಓದಿ. ಟೀ, ಬಿಸ್ಕೆಟ್ಟಿನ ಖರ್ಚು ಸಂಘದ್ದು. ಟೀ ಇದ್ದರೆ ಜನ ಬರುತ್ತಾರೆ, ಇದನ್ನು ಯಾವ ಮೇಷ್ಟ್ರೂ ಒಪ್ಪಿಕೊಳ್ಳುವುದಿಲ್ಲ.

ಇಷ್ಟು ಸಣ್ಣದರಿಂದ ಏನಾಗುತ್ತದೆ ಅನ್ನಬೇಡ. ನೂರು ವರ್ಷದ ಹಿಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎಲ್ಲವೂ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು. ಅಲ್ಲಿ ಕನ್ನಡದ ಮೇಷ್ಟ್ರಾಗಿದ್ದ ಎ.ಆರ್. ಕೃಷ್ಣಶಾಸ್ತ್ರಿಗಳು ಕರ್ನಾಟಕ ಸಂಘ ಕಟ್ಟಿದರು. ಆ ಸಂಘದಿಂದ 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ ಪತ್ರಿಕೆ ಹೊರಟಿತು. ಕಾಲೇಜಿನ ಒಂದು ಸಂಘದ ಪತ್ರಿಕೆ ಅದು! ಹೊಸಗನ್ನಡದ ಎಷ್ಟೋ ಬರಹಗಳು ಅದರಲ್ಲಿ ಬಂದವು. ಮುಂದೆ ಅದನ್ನು ಮೈಸೂರು ವಿಶ್ವವಿದ್ಯಾಲಯವೇ ವಹಿಸಿಕೊಂಡಿತು.

ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. ನಿನ್ನ ಊರು ಬೆಂಗಳೂರಿನಲ್ಲೇ ಕ್ರೈಸ್ಟ್ ಕಾಲೇಜಿನ (ಈಗ ಅದು ವಿಶ್ವವಿದ್ಯಾಲಯ) ಕನ್ನಡ ಸಂಘ ಇದೆ. ಅಲ್ಲಿ ಓದುವ ಮಕ್ಕಳಲ್ಲಿ ಕನ್ನಡ ಬಾರದವರೇ ಎಷ್ಟೋ ಜನ. ಅಂಥ ಕಡೆ ಚಿ. ಶ್ರೀನಿವಾಸರಾಜು ಮೇಷ್ಟ್ರು ಸಂಘ ನಡೆಸಿ ನೂರಕ್ಕೂ ಹೆಚ್ಚು ಪುಸ್ತಕ ತಂದರು, ಕಡಿಮೆ ಬೆಲೆಗೆ, ಹೊಸಬರದ್ದೇ ಜಾಸ್ತಿ. ಬೇಂದ್ರೆ ಹೆಸರಿನಲ್ಲಿ ಕವನ ಸ್ಪರ್ಧೆ, ಅ.ನ.ಕೃ. ಹೆಸರಿನಲ್ಲಿ ಕಥಾ ಸ್ಪರ್ಧೆ ಇಟ್ಟು, ನಾಡಿನ ಯಾವ ಮೂಲೆಯ ಕಾಲೇಜು ಹುಡುಗರು ಬೇಕಾದರೂ ಬರೆದು ಕಳಿಸಬಹುದು ಅಂದರು. ಬಹುಮಾನ ಬಂದವನ್ನು ಪುಸ್ತಕ ಮಾಡಿದರು. ಹಳ್ಳಿಯ ಕಾಲೇಜಿನ ಹುಡುಗಿಯೊಬ್ಬಳಿಗೆ ತನ್ನ ಕವನ ಅಚ್ಚಾಗಿ ಅಂಚೆಯಲ್ಲಿ ಬಂದಾಗ ಹೇಗಿರುತ್ತದೆ ಗೊತ್ತಾ? ಮಾರನೆಯ ದಿನ ಅವಳು ಕ್ಲಾಸಿಗೆ ಬರುವ ನಡಿಗೆಯೇ ಬೇರೆ. ಅದನ್ನು ನಾನು ಕಣ್ಣಾರೆ ಕಂಡವಳು.

ಅದಕ್ಕೇ ಹೇಳುವುದು, ನೀವೂ ಅಚ್ಚು ಹಾಕಿಸಿ. ಮೊದಲು ಗೋಡೆ ಪತ್ರಿಕೆ, ಕೈಬರಹದಲ್ಲೇ. ವರ್ಷದ ಕೊನೆಗೆ ಆಯ್ದವನ್ನು ಸೇರಿಸಿ ಸಣ್ಣ ಪುಸ್ತಕ. ಈಗ ನೂರು ಪ್ರತಿ ಬೇಕೆಂದರೂ ಡಿಜಿಟಲ್ ಪ್ರಿಂಟ್ ಮಾಡಿಕೊಡುತ್ತಾರೆ, ಯೂನಿಕೋಡ್‌ನಲ್ಲಿ ನೀವೇ ಟೈಪ್ ಮಾಡಬಹುದು. ನಿಮ್ಮ ಹುಡುಗರಿಗೆ ಕವನ ಒಗ್ಗದಿದ್ದರೆ ವಿಷಯದ ಮೇಲೆ ಬರೆಯಲಿ. ಬ್ಯಾಟರಿ ಹೇಗೆ ಕೆಲಸ ಮಾಡುತ್ತದೆ, ಸೇತುವೆ ಯಾಕೆ ಬೀಳುತ್ತದೆ. ಅಂಥ ಬರಹಕ್ಕೆ ಕನ್ನಡ ವಿಕಿಪೀಡಿಯದಲ್ಲಿ ಬೇಕಾದಷ್ಟು ಜಾಗ ಖಾಲಿ ಇದೆ. ಇದು ಕನ್ನಡ ಎಂ.ಎ. ಮಾಡಿದ ನನ್ನ ಕೈಲಿ ಆಗದ ಕೆಲಸ, ನಿಮ್ಮಿಂದ ಆಗುತ್ತದೆ.

ಇನ್ನೊಂದು ಮಾತು. ಕೂಟದಲ್ಲಿ ಯಾರ ಕನ್ನಡವನ್ನೂ ನೋಡಿ ನಗಬಾರದು. ಪಾವಗಡದ ಕಡೆಯ ಹುಡುಗನೊಬ್ಬ ನಮ್ಮ ಕಾಲೇಜಿಗೆ ಬಂದ, ಮನೆಮಾತು ತೆಲುಗು. ಬತ್ತಿದ ಬೋರ್‌ವೆಲ್ ಬಗ್ಗೆ ಒಂದು ಕಥೆ ಓದಿದ. ಅವನ ಊರಿನ ಮಾತಿನ ರಾಗಕ್ಕೆ ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕರು. ಮುಂದಿನ ಸಲ ಅವನು ಪೇಪರಿನ ಕನ್ನಡದಲ್ಲಿ ಬರೆದುಕೊಂಡು ಬಂದ. ಸಪ್ಪೆ! ಹಳೆಯದನ್ನೇ ಓದು ಅಂತ ಹಟ ಹಿಡಿದೆ. ಓದಿದ, ಈ ಸಲ ಯಾರೂ ನಗಲಿಲ್ಲ. ಕಲಬುರಗಿಯವರು, ಕುಂದಾಪುರದವರು, ಚಾಮರಾಜನಗರದವರು ನಿಮ್ಮಲ್ಲೂ ಇರುತ್ತಾರೆ. ಅವರವರ ಮಾತಿನಲ್ಲೇ ಓದಲಿ. ತುಳು, ಕೊಡವ, ಕೊಂಕಣಿ, ಬ್ಯಾರಿ ಮಾತಾಡುವವರೂ ನಮ್ಮ ನಾಡಿನವರೇ ಅಲ್ವಾ? ತಿಂಗಳಿಗೊಂದು ಸಂಜೆ ಅವರಿಗೆ ಬಿಡು.

ಹೊರ ರಾಜ್ಯದ ಹುಡುಗರ ವಿಚಾರ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸಿಲಬಸ್‌ನಲ್ಲಿ ಅವರಿಗೆ ‘ಬಳಕೆ ಕನ್ನಡ’ ಅಂತ ಪಾಠ ಇದೆ. ಪರೀಕ್ಷೆ ಮುಗಿದ ಮೇಲೆ ಅದನ್ನು ಬಳಸಲು ಅವರಿಗೆ ಜೊತೆ ಬೇಕು. ಆಟೋದವರ ಹತ್ತಿರ, ಮೆಸ್ಸಿನ ಅಕ್ಕನ ಹತ್ತಿರ ಮಾತಾಡಿಸಲು ನೀವು ಕರೆದುಕೊಂಡು ಹೋಗಿ. ಅಂಥ ಹುಡುಗನೊಬ್ಬನನ್ನು ಸುತ್ತುವರಿದು ನಿಂತು "ಜೈ ಕರ್ನಾಟಕ ಮಾತೆ ಅನ್ನು" ಅಂತ ಮೊಬೈಲ್ ಹಿಡಿಯುವ ಆಟ ಮಾತ್ರ ನಿನ್ನ ಸಂಘದಲ್ಲಿ ನಡೆಯಕೂಡದು. ಮಲಯಾಳಿ ಹುಡುಗರು ಓಣಂಗೆ ಹೂವಿನ ರಂಗೋಲಿ ಹಾಕುವಾಗ ಹೋಗಿ ಹೂವು ಬಿಡಿಸಿಕೊಡಿ. ನವೆಂಬರ್‌ನಲ್ಲಿ ಅವರೇ ಬಂದು ನಿಮ್ಮ ಕುರ್ಚಿ ಹೊರುತ್ತಾರೆ.

ದುಡ್ಡಿನ ಲೆಕ್ಕ ಪೈಸೆಗೆ ಪೈಸೆ ಬರೆದಿಡು, ಬಿಲ್ ಇಲ್ಲದೆ ಕೊಡಬೇಡ. ರಾಜಕೀಯದವರ ಚಂದಾ ತೆಗೆದುಕೊಂಡರೆ ಬ್ಯಾನರಿನಲ್ಲಿ ತಾಯಿ ಭುವನೇಶ್ವರಿಗಿಂತ ಅವರ ಮುಖವೇ ದೊಡ್ಡದಾಗಿರುತ್ತದೆ, ನೋಡಿಕೋ. ಫೈನಲ್ ಇಯರ್‌ಗೆ ಹೋಗುವ ಮೊದಲೇ ಸೆಕೆಂಡ್ ಇಯರ್‌ನ ಇಬ್ಬರನ್ನು ಜೊತೆಗೆ ಹಾಕಿಕೊಂಡು ಕೆಲಸ ಕಲಿಸು. ಪ್ರಿಂಟರ್ ಯಾರು, ಹಾಲ್ ಬುಕ್ ಮಾಡುವುದು ಯಾರ ಹತ್ತಿರ, ಯಾವ ಅತಿಥಿ ಬಸ್ ಚಾರ್ಜೂ ಕೇಳದೆ ಬರುತ್ತಾರೆ, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಇರಲಿ. ಕೇಳದವರಿಗೂ ಬಸ್ ಚಾರ್ಜ್ ಕೊಡಬೇಕು, ಅದು ಬೇರೆ ಮಾತು.

ರಾಜ್ಯೋತ್ಸವಕ್ಕೆ ಭಾಷಣ ಮಾಡಲು ಬನ್ನಿ ಅಂತ ಕರೆದಿದ್ದೀಯ. ಅದು ಬೇಡಪ್ಪ, ಜನವರಿಯಲ್ಲಿ ಕೂಟ ಇರುವ ಒಂದು ಸಂಜೆ ಹೇಳು, ಬಂದು ಹಿಂದೆ ಕೂತು ಕೇಳುತ್ತೇನೆ. ನಿಮ್ಮಮ್ಮನಿಗೆ ಹೊಸ ಹುಣಸೆಹಣ್ಣು ಆಗಲೇ ತರುತ್ತೇನೆ ಅಂತ ತಿಳಿಸು.

ಇಂತಿ,
ನಿನ್ನ ದೊಡ್ಡಮ್ಮ