ಪಂಪ್ ಬಿಚ್ಚೋಕ್ಕಿಂತ ಮೊದ್ಲ ಪ್ರೆಷರ್ ಅಳೀರಿ

ಸಂಪಾದಕರೇ,

ಲಾರಿ ಕೆಟ್ಟು ರೋಡಿಗೆ ಅಡ್ಡ ನಿಂತು ಟ್ರಾಫಿಕ್ ಜಾಮ್ ಆತು ಅನ್ನೋ ಸುದ್ದಿ ಪೇಪರಿನ್ಯಾಗ ಆಗಾಗ ಓದ್ತೀವಿ, ಆದ್ರ ಆ ಲಾರಿ ಯಾಕ ನಿಂತು, ಗ್ಯಾರೇಜಿಗೆ ಎಳಕೊಂಡು ಹೋದ ಮ್ಯಾಲೆ ಮಾಲಕನ ಕಿಸೆ ಎಷ್ಟು ಖಾಲಿ ಆತು ಅನ್ನೋದು ಮಾತ್ರ ಎಲ್ಲೂ ಬರಂಗಿಲ್ಲ. ನಾನು ಗಂಗಾವತಿ ಕಡಿಂದ ಅಕ್ಕಿ ಲೋಡ್ ಹೊಡಿಯಾಂವ, ಗಾಡಿ ನಂದೇ, ಸ್ಟೇರಿಂಗ್ ಹಿಡಿಯೋದೂ ನಾನೇ. ನಮ್ಮ ಭಾಗದಾಗ ಕಾರಟಗಿ ಸಿಂಧನೂರಿನ ರೈಸ್ ಮಿಲ್ ಮಾಲಿಂದ ಹಿಡಿದು ಸಂಡೂರಿನ ಅದಿರು, ಶಕ್ತಿನಗರದ ಹಾರುಬೂದಿ, ಗಿಣಿಗೇರಾ ಕಡೆ ಫ್ಯಾಕ್ಟರಿ ಮಾಲು ತನಕ ಬಹಳಷ್ಟು ಡೀಸೆಲ್ ಗಾಡಿ ಮ್ಯಾಲೇ ನಡಿತೈತಿ, ಅದಕ್ಕ ಇದು ಬರೀ ನನ್ನೊಬ್ಬನ ಗೋಳಲ್ಲ. ನಾನು ಹೇಳೋದು ಒಂದೇ ಮಾತು: ಮುಂಜಾನೆ ಗಾಡಿ ಸ್ಟಾರ್ಟ್ ಆಗ್ಲಿಲ್ಲ ಅಂದ ಕೂಡ್ಲೇ "ಪಂಪ್ ಹೋಗೈತಿ" ಅನ್ನೋ ಗ್ಯಾರೇಜಿನವರು ಮೊದ್ಲ ಡೀಸೆಲ್ ಪ್ರೆಷರ್ ಅಳೀಬೇಕು, ಅಳೆದ ನಂಬರ್ ಬಿಲ್ಲಿನ್ಯಾಗ ಬರೀಬೇಕು.

ನಮ್ಮ ದೋಸ್ತನ ಹತ್ತು ಚಕ್ರದ ಗಾಡಿಗೆ ಆದದ್ದು ಕೇಳ್ರಿ. ರಾತ್ರಿ ಚಲೋ ಬಂದು ನಿಂತ ಗಾಡಿ ಮುಂಜಾನೆ ಸೆಲ್ಫ್ ಎಷ್ಟು ಹೊಡೆದ್ರೂ ಎತ್ತಂಗಿಲ್ಲ, ಕ್ಲೀನರ್ ಕೈ ನೋಯೋ ತನಕ ಹ್ಯಾಂಡ್ ಪಂಪ್ ಹೊಡೆದ್ರ ಎತ್ತುತ್ತೈತಿ, ಒಮ್ಮೆ ಎತ್ತಿದ್ರ ದಿನಪೂರ್ತಿ ಏನೂ ತಕರಾರಿಲ್ಲ. ಗ್ಯಾರೇಜಿಗೆ ಹೋದ್ರ ಹೈ ಪ್ರೆಷರ್ ಪಂಪ್ ವೀಕ್ ಐತಿ ಅಂದ್ರು, ಅದನ್ನ ಬಿಚ್ಚಿ ಬ್ಯಾರೇದು ಹಾಕಿದ್ರು, ಮರುದಿನ ಮುಂಜಾನೆ ಮತ್ತ ಅದೇ ಕಥಿ, ಈಗ ಆರೂ ಇಂಜೆಕ್ಟರ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸೋ ನೋಜಲ್) ಹಾಕೋಣು ಅಂದ್ರು. ಕಡೀಕ ಒಬ್ಬ ವಯಸ್ಸಾದ ಮಿಸ್ತ್ರಿ ಬಂದು ಪ್ರೈಮರಿ ಫಿಲ್ಟರ್, ಅಂದ್ರ ಟ್ಯಾಂಕಿನ ಕಡೆಯ ಮೊದಲ ಡೀಸೆಲ್ ಫಿಲ್ಟರ್, ಬಿಚ್ಚಿ ಟಾರ್ಚ್ ಹಿಡಿದು ಮ್ಯಾಲಿನ ಬಾಯಿ ನೋಡಿದ್ರು. ಹಳೆ ಫಿಲ್ಟರಿನ ರಬ್ಬರ್ ವಾಷರ್ ಅಲ್ಲೇ ಅಂಟಿಕೊಂಡು ಕೂತಿತ್ತು, ಕರ್ರಗ, ಚಪ್ಪಟಿ ಆಗಿ, ಉಗುರು ಹಾಕಿ ಕೆರೆದ್ರಷ್ಟೇ ಎದ್ದು ಬರೋ ಹಂಗ. ಅದರ ಮ್ಯಾಲೇ ಹೊಸ ಫಿಲ್ಟರ್ ಹೊಸ ವಾಷರ್ ಸಮೇತ ತಿರುವಿ ಬಿಗಿ ಮಾಡಿದ್ರು ಯಾರೋ ಪುಣ್ಯಾತ್ಮರು. ಎರಡು ವಾಷರ್ ನಡುವೆ ಕೂದಲೆಳಿಯಷ್ಟು ಸಂದು, ಅಲ್ಲಿಂದ ರಾತ್ರಿಯೆಲ್ಲ ಗಾಳಿ ಹೊಕ್ಕು ಲೈನಿನ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳೀತಿತ್ತು. ಆ ವಾಷರ್ ಕಿತ್ತು ಒಗೆಯೋದಕ್ಕ ಪೈಸಾ ಖರ್ಚಿಲ್ಲ, ಪಂಪಿನ ರೊಕ್ಕ ಮಾತ್ರ ಹೋತು.

ಇದು ಯಾಕ ಗೊತ್ತಾಗಂಗಿಲ್ಲ ಅಂದ್ರ, ಟ್ಯಾಂಕಿಂದ ಫೀಡ್ ಪಂಪ್ (ಡೀಸೆಲ್ ಎಳೆದು ಹೈ ಪ್ರೆಷರ್ ಪಂಪಿಗೆ ಕೊಡೋ ಸಣ್ಣ ಪಂಪ್) ತನಕ ಇರೋ ಲೈನ್ ಡೀಸೆಲ್ ಎಳಿಯೋ ಲೈನ್, ತಳ್ಳೋ ಲೈನ್ ಅಲ್ಲ. ಎಳನೀರು ಕುಡಿಯೋ ಸ್ಟ್ರಾಕ್ಕ ತೂತು ಬಿದ್ರ ನೀರು ಹೊರಗ ಸೋರಂಗಿಲ್ಲ, ಬಾಯಿಗೆ ಗಾಳಿ ಬರ್ತೈತಿ, ಇಲ್ಲೂ ಹಂಗ. ನೆಲದ ಮ್ಯಾಲೆ ಒಂದು ಹನಿ ಡೀಸೆಲ್ ಇಲ್ಲ, ಪೈಪ್ ಒಣಗೈತಿ, ಅದಕ್ಕ ಲೀಕ್ ಇಲ್ಲ ಅಂತ ಮಿಸ್ತ್ರಿ ತೀರ್ಮಾನ ಮಾಡಿಬಿಡ್ತಾನ. ಪತ್ತೆ ಹಚ್ಚೋದು ಕಷ್ಟ ಏನಲ್ಲ. ಫಿಲ್ಟರ್ ಮತ್ತ ಪಂಪ್ ನಡುವೆ ಒಂದು ಗೇಣು ಡೀಸೆಲ್ ತಡಿಯೋ ಪಾರದರ್ಶಕ ಪೈಪ್ ಕೂಡಿಸಿ ಸೆಲ್ಫ್ ಹೊಡೆದ್ರ ಗುಳ್ಳಿ ಓಡೋದು ಕಣ್ಣಿಗೆ ಕಾಣ್ತೈತಿ. ಇಲ್ಲಾ ಅಂದ್ರ ಸ್ವಚ್ಛ ಕ್ಯಾನಿನ್ಯಾಗ ಡೀಸೆಲ್ ಇಟ್ಟು ಸಣ್ಣ ಪೈಪಿನಿಂದ ನೇರ ಫೀಡ್ ಪಂಪಿಗೆ ಕೊಟ್ಟು ನೋಡ್ರಿ, ಗಾಡಿ ಪಟ್ ಅಂತ ಎತ್ತಿದ್ರ ತಪ್ಪು ಟ್ಯಾಂಕಿಗೂ ಪಂಪಿಗೂ ನಡುವೆ ಎಲ್ಲೋ ಐತಿ, ಪಂಪಿಗೆ ಕೈ ಹಚ್ಚೋ ಕಾರಣಾನೇ ಇಲ್ಲ.

ಇನ್ನ ನಮ್ಮ ಅದಿರು ಸೀಮಿಯದೇ ಒಂದು ರೋಗ ಐತಿ. ಸಂಡೂರು, ತೋರಣಗಲ್ಲು ಕಡೆ ಓಡೋ ಗಾಡಿಗಳ ಡೀಸೆಲ್ ಟ್ಯಾಂಕಿನ ಮುಚ್ಚಳ ನೋಡ್ರಿ, ಕೆಂಪು ಧೂಳು ಹಿಟ್ಟಿನಂಗ ಕೂತಿರ್ತೈತಿ. ಡೀಸೆಲ್ ಖರ್ಚಾದಂಗ ಟ್ಯಾಂಕಿನೊಳಗ ಗಾಳಿ ಹೋಗಾಕ ಒಂದು ಸಣ್ಣ ಉಸಿರಿನ ತೂತು ಇಟ್ಟಿರ್ತಾರ, ಆ ಧೂಳಿಗೆ ಡೀಸೆಲ್ ಪಸೆ ಕೂಡಿ ತೂತು ಮುಚ್ಚಿದ್ರ ಟ್ಯಾಂಕಿನ್ಯಾಗ ವ್ಯಾಕ್ಯೂಮ್ ಆಗಿ ಪಂಪಿಗೆ ಡೀಸೆಲ್ ಬರೋದೇ ಕಡಿಮಿ ಆಗ್ತೈತಿ, ಗಾಡಿ ಏರಿನ್ಯಾಗ ದಮ್ಮು ಕಳಕೊಳ್ತೈತಿ, ನಿಂತು ಬಿಡ್ತೈತಿ, ಅರ್ಧ ತಾಸು ಬಿಟ್ಟು ಮತ್ತ ತಾನೇ ಎತ್ತುತ್ತೈತಿ. ಡ್ರೈವರ್ ದೆವ್ವ ಹಿಡದೈತಿ ಅಂತಾನ. ನಿಂತಾಗ ಮುಚ್ಚಳ ತಗಿರಿ, ಸುಂಯ್ ಅಂತ ಗಾಳಿ ಎಳಕೊಂಡ್ರ ದೆವ್ವ ಸಿಕ್ತು ಅಂತ ತಿಳಕೊಳ್ರಿ.

ಎಲ್ಲಾಕಿಂತ ಮೊದ್ಲ ನೋಡಬೇಕಾದದ್ದು ಬ್ಯಾಟ್ರಿ, ಆದ್ರ ಅದನ್ನ ಕಡೀಕ ನೋಡ್ತಾರ. ಲಾರ್‍ಯಾಗ 12 ವೋಲ್ಟಿನ ಎರಡು ಬ್ಯಾಟ್ರಿ ಕೂಡಿ 24 ವೋಲ್ಟ್. ನಮ್ಮ ಡ್ರೈವರ್ ಮಂದಿ ಟೇಪು, ಸಣ್ಣ ಫ್ಯಾನು, ಮೊಬೈಲ್ ಚಾರ್ಜರ್ ಎಲ್ಲಾನೂ ಒಂದೇ ಬ್ಯಾಟ್ರಿಯಿಂದ 12 ವೋಲ್ಟ್ ಕದ್ದು ಓಡಿಸ್ತಾರ, ಅದೊಂದು ಸೊರಗತೈತಿ, ಇನ್ನೊಂದು ಗಟ್ಟಿ ಇರ್ತೈತಿ, ಮ್ಯಾಲೆ ರಾಯಚೂರು ಬಳ್ಳಾರಿ ಬ್ಯಾಸಿಗಿ ಬಿಸಿಲಿಗೆ ನೀರು ಆರೋದು ಬ್ಯಾರೆ. ಸೆಲ್ಫ್ ಹೊಡೆಯೋ ಹೊತ್ತಿನ್ಯಾಗ ವೋಲ್ಟೇಜ್ ಸುಮಾರು 19ರ ಕೆಳಗ ಬಿತ್ತು ಅಂದ್ರ ಬ್ಯಾಟ್ರಿ, ಟರ್ಮಿನಲ್, ಚಾಸಿಯ ಅರ್ಥ್ ವೈರು ಇವನ್ನ ನೋಡದ ಮುಂದ ಹೋಗಬಾರದು. ಎಂಜಿನ್ ಮೆಲ್ಲಗ ತಿರುಗಿದ್ರ ಹೈ ಪ್ರೆಷರ್ ಪಂಪೂ ಮೆಲ್ಲಗೇ ತಿರುಗತೈತಿ, ಪ್ರೆಷರ್ ಏರಂಗಿಲ್ಲ, ಸ್ಕ್ಯಾನರಿನ್ಯಾಗ "ರೈಲ್ ಪ್ರೆಷರ್ ಕಡಿಮಿ" ಅಂತ ಕೋಡ್ ಬರ್ತೈತಿ (ರೈಲ್ ಅಂದ್ರ ಪಂಪ್ ತಳ್ಳಿದ ಡೀಸೆಲ್ ಪ್ರೆಷರಿನ್ಯಾಗ ಕೂಡಿಟ್ಟು ಎಲ್ಲಾ ಇಂಜೆಕ್ಟರಿಗೆ ಹಂಚೋ ಪೈಪ್), ಬಡಪಾಯಿ ಪಂಪಿಗೆ ಶಿಕ್ಷೆ.

ಸೆಲ್ಫ್ ಜೋರಾಗಿ ತಿರುಗತೈತಿ ಆದ್ರ ಎತ್ತಂಗಿಲ್ಲ ಅಂದ್ರ ಸೈಲೆನ್ಸರ್ ಕಡೆ ಒಬ್ಬನ್ನ ನಿಲ್ಲಿಸ್ರಿ. ಹೊಗಿಯೇ ಇಲ್ಲ ಅಂದ್ರ ಡೀಸೆಲ್ ಸಿಲಿಂಡರಿಗೆ ಹೋಗವಲ್ದು. ಬಿಳಿ ಹೊಗಿ ಬರ್ತೈತಿ, ಎಂಜಿನ್ ಹಿಡಿಯವಲ್ದು ಅಂದ್ರ ಡೀಸೆಲ್ ಹೋಗೈತಿ, ಉರಿಯವಲ್ದು, ಆವಾಗ ಕಂಪ್ರೆಷನ್, ನೀರು ಬೆರೆತ ಡೀಸೆಲ್ ಅಂತ ನೋಡಬೇಕು. ಬಿಎಸ್ 6 (ಹೊಗಿ ಮಿತಿಯ ಸರ್ಕಾರಿ ನಿಯಮ) ಗಾಡಿಗೆ ಸೈಲೆನ್ಸರಿನ್ಯಾಗ ಫಿಲ್ಟರ್ ಇರೋದ್ರಿಂದ ಹೊಗಿ ನಂಬಿ ಪೂರಾ ಹೇಳಾಕ ಬರಂಗಿಲ್ಲ. ಮೀಟರಿನ ಆರ್‌ಪಿಎಂ ಮುಳ್ಳೂ ನೋಡ್ರಿ, ಸೆಲ್ಫ್ ತಿರುಗುವಾಗ ಅದು ಅಲುಗಾಡಲೇ ಇಲ್ಲ ಅಂದ್ರ ಎಂಜಿನ್ ತಿರುಗೋದನ್ನ ಕಂಪ್ಯೂಟರಿಗೆ ಹೇಳೋ ಕ್ರ್ಯಾಂಕ್ ಸೆನ್ಸರ್ ಮ್ಯಾಲೆ ಅನುಮಾನ ಪಡ್ರಿ.

ಆಮೇಲೆ ಬರೋದು ಸ್ಕ್ಯಾನರ್. ಸ್ಕ್ಯಾನರ್ ಇಟ್ಟುಕೊಂಡವ್ರು ಬಹಳ ಮಂದಿ ಅದಾರ, ಕೋಡ್ ಓದಿ ಬಂದ್ ಮಾಡ್ತಾರ. ಓದಬೇಕಾದ್ದು ಪ್ರೆಷರ್. ಕಂಪ್ಯೂಟರ್ ಎಷ್ಟು ಕೇಳ್ತೈತಿ, ರೈಲಿನ್ಯಾಗ ನಿಜವಾಗ್ಲೂ ಎಷ್ಟೈತಿ, ಎರಡೂ ಎದುರು ಬದುರು ಇಟ್ಟು ನೋಡಬೇಕು. ಬಹಳಷ್ಟು ಕಾಮನ್ ರೈಲ್ ಎಂಜಿನ್ ಸ್ಟಾರ್ಟ್ ಆಗಾಕ 200 ಬಾರ್ ಆಜುಬಾಜು ಬೇಕು, ಅದಕ್ಕಿಂತ ಕಡಿಮಿ ಇದ್ರ ಕಂಪ್ಯೂಟರ್ ಇಂಜೆಕ್ಟರಿಗೆ ಕರೆಂಟೇ ಕೊಡಂಗಿಲ್ಲ, ಲೋಡಿನ ಮ್ಯಾಲೆ ಅದೇ ಪ್ರೆಷರ್ 1600 ಬಾರ್ ದಾಟೋ ಎಂಜಿನ್ನೂ ಅದಾವ. ರಾತ್ರಿಯೆಲ್ಲ ನಿಂತ ಗಾಡಿಗೆ ಕೀ ಆನ್ ಮಾಡಿದ್ರ ರೈಲ್ ಪ್ರೆಷರ್ ಸೊನ್ನೆ ಹತ್ರ ಇರಬೇಕು, 300 ಬಾರ್ ತೋರಿಸಿದ್ರ ಪಂಪಲ್ಲ, ಸೆನ್ಸರ್ ಇಲ್ಲಾ ಅದರ ವೈರ್ ಸುಳ್ಳು ಹೇಳ್ತೈತಿ. ಫೀಡ್ ಲೈನಿನ್ಯಾಗ ಪ್ರೆಷರ್ ಸರಿ ಐತಿ, ಗಾಳಿ ಇಲ್ಲ, ಆದ್ರೂ ರೈಲ್ ಏರವಲ್ದು ಅಂದ್ರ ಆ ಪ್ರೆಷರ್ ಎಲ್ಲಿ ಸೋರತೈತಿ ಅಂತ ಹುಡುಕಬೇಕು. ಒಂದೊಂದು ಇಂಜೆಕ್ಟರಿನ ರಿಟರ್ನ್ ಪೈಪಿಗೆ (ಉಳಿದ ಡೀಸೆಲ್ ವಾಪಸ್ ಹೋಗೋ ಪೈಪ್) ಒಂದೊಂದು ಬಾಟ್ಲಿ ಕಟ್ಟಿ ಸೆಲ್ಫ್ ಹೊಡೀರಿ, ಉಳಿದವು ತಳ ಮುಚ್ಚೋ ಹೊತ್ತಿಗೆ ಒಂದು ಬಾಟ್ಲಿ ಅರ್ಧ ತುಂಬಿತ್ತು ಅಂದ್ರ ಕಳ್ಳ ಅವನೇ. ಒಂದೇ ಇಂಜೆಕ್ಟರ್ ಸೋರಿದ್ರೂ ಆರು ಸಿಲಿಂಡರಿನ ಗಾಡಿ ಸ್ಟಾರ್ಟ್ ಆಗದಂಗ ಮಾಡ್ತೈತಿ, ಒಂದು ಬದಲಿ ಮಾಡೋ ಕಡೆ ಆರು ಯಾಕ ಹಾಕಬೇಕು? ಕೆಲವು ಎಂಜಿನ್ನಿನ್ಯಾಗ ರಿಟರ್ನ್ ಹೆಡ್ ಒಳಗೇ ಇರ್ತೈತಿ, ಅಲ್ಲಿ ಒಟ್ಟು ರಿಟರ್ನ್ ಅಳೆದು ಕಂಪನಿ ಪುಸ್ತಕದ ಲೆಕ್ಕಕ್ಕ ಹೋಲಿಸಬೇಕು. ಹೆಚ್ಚಾದ ಪ್ರೆಷರ್ ಬಿಡೋ ರೈಲಿನ ರಿಲೀಫ್ ವಾಲ್ವ್, ಪಂಪಿಗೆ ಎಷ್ಟು ಡೀಸೆಲ್ ಅಂತ ಅಳೆದು ಬಿಡೋ ಮೀಟರಿಂಗ್ ವಾಲ್ವ್ ಇವೆರಡೂ ನೋಡಿದ ಮ್ಯಾಲೆ ಪಂಪಿನ ಪಾಳಿ.

ತಣ್ಣಗಿದ್ದಾಗ ಎತ್ತಂಗಿಲ್ಲೋ, ಬಿಸಿ ಆದಾಗ ಎತ್ತಂಗಿಲ್ಲೋ ಅಂತ ಡ್ರೈವರನ್ನ ಕೇಳಿದ್ರ ಅರ್ಧ ಕೆಲಸ ಅಲ್ಲೇ ಮುಗೀತೈತಿ, ಕೇಳೋರಿಲ್ಲ. ಮುಂಜಾನೆ ಮಾತ್ರ ತಕರಾರು ಅಂದ್ರ ಬಹಳ ಸಲ ಗಾಳಿ ಇಲ್ಲಾ ಬ್ಯಾಟ್ರಿ. ಮುಂಜಾನೆ ಒಂದೇ ಸೆಲ್ಫಿಗೆ ಎತ್ತಿದ ಗಾಡಿ ಮಧ್ಯಾಹ್ನ ಡಾಬಾದಾಗ ಊಟಕ್ಕ ನಿಲ್ಲಿಸಿ ಬಂದ್ರ ಎತ್ತಂಗಿಲ್ಲ ಅಂದ್ರ, ಬಿಸಿಗೆ ಡೀಸೆಲ್ ತೆಳ್ಳಗಾಗಿ ಸವೆದ ಪಂಪಿನ್ಯಾಗ ಇಲ್ಲಾ ಇಂಜೆಕ್ಟರಿನ್ಯಾಗ ಸೋರತೈತಿ, ಇಲ್ಲಾ ಸೆನ್ಸರ್ ಬಿಸಿಗೆ ಕೈ ಕೊಡ್ತೈತಿ.

ಜೀವದ ಮಾತೊಂದು ಐತಿ. ಹಳೆ ಇನ್‌ಲೈನ್ ಪಂಪಿನ ಗಾಡ್ಯಾಗ ನೋಜಲ್ ನಟ್ ಸಡಿಲ ಮಾಡಿ ಸೆಲ್ಫ್ ಹೊಡೆದು ಏರ್ ತಗಿಯೋದು ಎಲ್ಲಾರಿಗೂ ರೂಢಿ. ಬಿಎಸ್ 4 ದೇಶಕ್ಕೆಲ್ಲ 2017ರ ಏಪ್ರಿಲ್ 1ಕ್ಕ ಬಂತು, ಬಿಎಸ್ 6 2020ರ ಏಪ್ರಿಲ್ 1ಕ್ಕ, ಗಾಡಿ ಕಾಮನ್ ರೈಲಿಗೆ ಬದಲಾದ್ರೂ ಕೈ ರೂಢಿ ಬದಲಾಗಿಲ್ಲ. ಕಾಮನ್ ರೈಲ್ ಎಂಜಿನ್ ಓಡುವಾಗ ಆ ನಟ್ ಸಡಿಲ ಮಾಡಿದ್ರ ಕಣ್ಣಿಗೆ ಕಾಣದ ಸೂಜಿಯಂಥಾ ಡೀಸೆಲ್ ಧಾರೆ ಚರ್ಮ ತೂರಿ ಒಳಗ ಹೋಗ್ತೈತಿ, ಹೊರಗ ಬರೀ ಸೂಜಿ ಚುಚ್ಚಿದ ಗುರುತು ಇರ್ತೈತಿ, ನೋವೂ ಮೊದ್ಲಿಗೆ ಕಡಿಮಿ, ಆದ್ರ ತಡ ಮಾಡಿದ್ರ ಬೆರಳು ಹೋಗಬಹುದು, ಆ ಕ್ಷಣಕ್ಕ ದವಾಖಾನಿಗೆ ಓಡಬೇಕು. ಏರ್ ತಗಿಯೋದಿದ್ರ ಎಂಜಿನ್ ಬಂದ್ ಮಾಡಿ ಫಿಲ್ಟರಿನ ಬ್ಲೀಡ್ ಸ್ಕ್ರೂ ಸಡಿಲ ಮಾಡಿ ಹ್ಯಾಂಡ್ ಪ್ರೈಮರಿಂದ ತಗೀರಿ. ಇನ್ನ ಪೆಟ್ರೋಲ್ ಅದ್ದಿದ ಅರಿವಿ ಏರ್ ಇಂಟೇಕಿಗೆ ಹಿಡಿದು ಸ್ಟಾರ್ಟ್ ಮಾಡೋ ಶೂರರಿಗೆ ಏನು ಹೇಳಬೇಕೋ ತಿಳಿಯವಲ್ದು, ಇಂಟೇಕಿನ್ಯಾಗ ಹೀಟರ್ ಇರೋ ಗಾಡಿ ಆದ್ರ ಮುಖಕ್ಕೇ ಸಿಡಿತೈತಿ.

ಈಗ ನನ್ನ ಬೇಡಿಕಿ. ಗ್ಯಾರೇಜಿನವರು ಪಂಪ್ ಇಲ್ಲಾ ಇಂಜೆಕ್ಟರ್ ಬದಲಿ ಮಾಡಿದ್ರ ಬಿಲ್ಲಿನ್ಯಾಗ ಸೆಲ್ಫ್ ಹೊಡೆದಾಗಿನ ವೋಲ್ಟೇಜ್, ಫೀಡ್ ಪ್ರೆಷರ್, ರೈಲ್ ಪ್ರೆಷರ್ ಬದಲಿ ಮಾಡೋಕ್ಕಿಂತ ಮೊದ್ಲ ಎಷ್ಟು, ಆಮೇಲೆ ಎಷ್ಟು ಅಂತ ಬರೀಲಿ, ಹಳೆ ಸಾಮಾನು ಮಾಲಕನ ಕೈಗೆ ಕೊಡ್ಲಿ. ನಂಬರ್ ಬರೀದ ಬಿಲ್ಲಿಗೆ ರೊಕ್ಕ ಕೊಡಾಕ ನಾವೂ ತಕರಾರು ಮಾಡೋಣು. ಐಟಿಐದಾಗ ಡೀಸೆಲ್ ಮೆಕ್ಯಾನಿಕ್ ಅನ್ನೋ ಒಂದು ವರ್ಷದ ಟ್ರೇಡ್ ಐತಿ, ಅಲ್ಲಿ ಕಲಿಯೋ ನಮ್ಮ ಭಾಗದ ಹುಡುಗರ ಕೈಗೆ ಓಡೋ ಕಾಮನ್ ರೈಲ್ ಎಂಜಿನ್, ಗೇಜು, ಸ್ಕ್ಯಾನರ್ ಸಿಗೋ ಹಂಗ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯವರು ರೊಕ್ಕ ಕೊಡ್ಲಿ, ಕಟ್ಟಡ ಕಟ್ಟೋದರ ಮುಂದ ಇದು ದೊಡ್ಡ ಖರ್ಚೇನಲ್ಲ. ಅಲ್ಲೀ ತನಕ ಲಾರಿ ಮಾಲಕರ ಸಂಘದವರು ತಾಲೂಕಿಗೊಂದು ಫೀಡ್ ಲೈನ್ ಗೇಜು, ಮಲ್ಟಿಮೀಟರ್ ಮತ್ತ ಆ ಪಾರದರ್ಶಕ ಪೈಪ್ ಇಟ್ಟುಕೊಂಡು ಬೇಕಾದವರಿಗೆ ಬಾಡಿಗಿಗೆ ಕೊಟ್ರೂ ನಡಿತೈತಿ, ಮೊದಲ ಬಾಡಿಗಿ ನಾನೇ ಕೊಡ್ತೀನಿ.

— ಲಾರಿ ಮಾಲಕ, ಗಂಗಾವತಿ, ಕೊಪ್ಪಳ ಜಿಲ್ಲೆ